ಬಣ್ಣಕ್ಕೆ ಮುನ್ನ ಗೋಡೆಯ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಒಳಗೋಡೆಗಳಿಗೆ ಹೊಸ ಬಣ್ಣ ಬಳಿಸುವ ಮುನ್ನ ಮಾಡಬೇಕಾದ ದುರಸ್ತಿಯ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಯಾವ ಪುಟ್ಟಿ (ಬಣ್ಣಕ್ಕೆ ಮುನ್ನ ಗೋಡೆಯನ್ನು ನುಣುಪಾಗಿಸಲು ಹಚ್ಚುವ ಲೇಪ) ಒಳ್ಳೆಯದು ಎಂದು ಹೆಚ್ಚಿನವರು ಕೇಳಿದ್ದಾರೆ. ಆದರೆ ಅವರು ವಿವರಿಸಿರುವ ತೊಂದರೆಗಳಿಗೆ ಗೋಡೆಯೊಳಗೆ ಸೇರಿದ ನೀರು ಇಲ್ಲವೇ ಹಿಡಿತ ಕಳೆದುಕೊಂಡ ಹಳೆಯ ಪದರವೇ ಬಹುಮಟ್ಟಿಗೆ ಕಾರಣವಾಗಿರುವಂತೆ ತೋರುತ್ತದೆ.

ಪ್ರಶ್ನೆ: ನಮ್ಮ ಮನೆಯ ಒಂದು ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ಒಳಗಿನಿಂದ ಬಿಳಿ ಪುಡಿ ಬರುತ್ತಿದೆ. ಎರಡು ಸಲ ಕೆರೆದು, ಪುಟ್ಟಿ ಹಚ್ಚಿ ಬಣ್ಣ ಬಳಿಸಿದರೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಜಲನಿರೋಧಕ ಲೇಪ ಹಚ್ಚಿದರೆ ಸರಿಹೋಗುವುದೇ?

ಉತ್ತರ: ನೀವು ಹೇಳುವ ಬಿಳಿ ಪುಡಿ ಉಪ್ಪು. ಇಟ್ಟಿಗೆ, ಸಿಮೆಂಟು, ಮರಳು, ನೆಲದ ಮಣ್ಣು ಇವುಗಳಲ್ಲಿರುವ ಸಲ್ಫೇಟ್ ಮೊದಲಾದ ಲವಣಗಳು ನೀರಿನಲ್ಲಿ ಕರಗಿ, ಗೋಡೆಯ ಸಣ್ಣ ರಂಧ್ರಗಳ ಮೂಲಕ ಮೇಲ್ಮೈಯತ್ತ ಸಾಗುತ್ತವೆ. ಅಲ್ಲಿ ನೀರು ಆವಿಯಾಗುತ್ತದೆ, ಲವಣ ಹರಳುಗಟ್ಟಿ ಉಳಿಯುತ್ತದೆ. ಬೆಳೆಯುತ್ತಿರುವ ಹರಳು ತನ್ನ ಮೇಲಿರುವ ಪದರವನ್ನು ಎಷ್ಟು ಬಲವಾಗಿ ತಳ್ಳುತ್ತದೆಂದರೆ ಬಣ್ಣ, ಪುಟ್ಟಿಗಳಷ್ಟೇ ಅಲ್ಲದೆ ಗಾರೆಯ ಮೇಲ್ಪದರವೂ ಪುಡಿಯಾಗಿ ಉದುರುತ್ತದೆ. ಆದ್ದರಿಂದ ನೀರು ಬರುವುದು ನಿಲ್ಲುವ ತನಕ ಎಷ್ಟು ಸಲ ಪುಟ್ಟಿ ಹಚ್ಚಿದರೂ ಫಲ ಒಂದೇ.

ನೀರಿನ ಮೂಲವನ್ನು ಕಲೆ ಇರುವ ಜಾಗದಿಂದ ಸ್ವಲ್ಪಮಟ್ಟಿಗೆ ಊಹಿಸಬಹುದು. ನೆಲದಿಂದ ಶುರುವಾಗಿ ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಲ್ಲುವ ತೇವ ಅಡಿಪಾಯದಿಂದ ಏರಿದ್ದಿರಬಹುದು. ಇದು ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೋಡೆಯ ಹಿಂಬದಿಯಲ್ಲಿ ಸ್ನಾನದ ಮನೆ ಇದ್ದರೆ ನಲ್ಲಿಯ ಕೊಳವೆಯನ್ನೋ ಟೈಲ್ಸ್ ಸಂದುಗಳನ್ನೋ ಮೊದಲು ಅನುಮಾನಿಸಬೇಕು. ಕಿಟಕಿಯ ಕೆಳಮೂಲೆಯಲ್ಲಿ ಮಾತ್ರ ಕಲೆ ಇದ್ದರೆ ಕಿಟಕಿ ಚೌಕಟ್ಟಿನ ಸಂದು, ಸೂರಿನ ಕೆಳಗಿದ್ದರೆ ತಾರಸಿ. ಹೊರಗೋಡೆಗೆ ಒತ್ತಿ ಮಣ್ಣಿನ ರಾಶಿಯೋ ಹೂವಿನ ಪಾತಿಯೋ ಇದೆಯೇ ಎಂದು ಹೊರಗೆ ಹೋಗಿ ನೋಡುವುದನ್ನು ಹಲವರು ಮರೆಯುತ್ತಾರೆ.

ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂಬ ಸಂದೇಹವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಸುಮಾರು 45 ಸೆಂಟಿಮೀಟರ್ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹರಡಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, ಒಂದು ದಿನ ಹಾಗೆಯೇ ಬಿಡಿ. ಮರುದಿನ ಹಾಳೆಯ ಒಳಬದಿಯಲ್ಲಿ ಹನಿಗಳು ಕಟ್ಟಿದ್ದರೆ ಅಥವಾ ಅದರ ಹಿಂದಿನ ಗೋಡೆ ಕಪ್ಪಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹನಿಗಳು ಹೊರಬದಿಯಲ್ಲಿದ್ದರೆ ಕೋಣೆಯ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಎರಡನೆಯದಕ್ಕೆ ಗಾಳಿಯಾಡುವ ವ್ಯವಸ್ಥೆಯೇ ಪರಿಹಾರ. ಬೀರು, ಮಂಚದ ತಲೆಹಲಗೆಗಳನ್ನು ಗೋಡೆಯಿಂದ ತುಸು ದೂರ ಸರಿಸಿದರೂ ಎಷ್ಟೋ ಕಡೆ ವ್ಯತ್ಯಾಸ ಕಾಣುತ್ತದೆ.

ಜಲನಿರೋಧಕ ಲೇಪದ ಬಗ್ಗೆ ಕೇಳಿದ್ದೀರಿ. ಒದ್ದೆ ಗೋಡೆಯ ಒಳಮುಖಕ್ಕೆ ಅದನ್ನು ಬಳಿದರೆ ಆವಿ ಹೊರಬರುವ ದಾರಿ ಮುಚ್ಚುತ್ತದೆಯೇ ಹೊರತು ನೀರು ಬರುವುದು ನಿಲ್ಲುವುದಿಲ್ಲ. ಆ ನೀರು ಲೇಪಕ್ಕಿಂತ ಮೇಲಕ್ಕೆ ಏರಿಯೋ ಪಕ್ಕಕ್ಕೆ ಹರಡಿಯೋ ಹೊಸ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ, ಅಥವಾ ಲೇಪವನ್ನೇ ಹಾಳೆಹಾಳೆಯಾಗಿ ಕಳಚಿ ಹಾಕುತ್ತದೆ. ಮೂಲವನ್ನು ಮುಚ್ಚಿದ ಮೇಲೆ ಉಪ್ಪು ಹೀರಿದ ಗಾರೆಯನ್ನು ಕಲೆ ಕಾಣುವ ಗೆರೆಗಿಂತ 30ರಿಂದ 50 ಸೆಂಟಿಮೀಟರ್ ಮೇಲಿನವರೆಗೂ ಕೆತ್ತಿ ತೆಗೆಸಿ, ಇಟ್ಟಿಗೆಯನ್ನು ಒಣಗಲು ಬಿಡಿ. ಗೋಡೆಯ ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡದವರ ಹಳೆಯ ಅಂದಾಜು. ಗಾಳಿ ಬಿಸಿಲು ಚೆನ್ನಾಗಿದ್ದರೆ ಬೇಗ ಒಣಗಬಹುದು, ಆದರೂ ಇದು ವಾರದೊಳಗೆ ಮುಗಿಯುವ ಕೆಲಸವಲ್ಲ. ಒಣಗುವಾಗ ಹೊರಬರುವ ಉಪ್ಪನ್ನು ಒಣ ಕುಂಚದಿಂದಲೇ ಗುಡಿಸಿ ತೆಗೆಯಬೇಕು. ನೀರಿನಿಂದ ತೊಳೆದರೆ ಅದು ಮತ್ತೆ ಕರಗಿ ಗೋಡೆಯೊಳಗೇ ಸೇರುತ್ತದೆ. ಗುಡಿಸಿದ ಮೇಲೆ ಎರಡು ಮೂರು ವಾರ ಹೊಸ ಪುಡಿ ಕಾಣದಿದ್ದರೆ ಮಾತ್ರ ಹೊಸ ಗಾರೆಗೆ ಕೈಹಾಕಿ. ಈ ಭಾಗಕ್ಕೆ ಜಿಪ್ಸಂ ಗಾರೆ ಬೇಡ, ಅದು ತೇವಕ್ಕೆ ಮೆತ್ತಗಾಗುತ್ತದೆ. ಬಣ್ಣವನ್ನೂ ಆವಿಯನ್ನು ಹಾಯಲು ಬಿಡುವ ಬಗೆಯದನ್ನೇ ಆರಿಸಿ; ಹೊಳಪಿನ ಎಣ್ಣೆ ಬಣ್ಣ ಇಲ್ಲಿಗೆ ಸಲ್ಲದು.

ಪ್ರಶ್ನೆ: ಬಿರುಕುಗಳನ್ನು ಪುಟ್ಟಿಯಿಂದ ಮುಚ್ಚಿಸಿದೆವು. ಮೂರು ನಾಲ್ಕು ತಿಂಗಳಲ್ಲಿ ಅದೇ ಗೆರೆಗಳು ಬಣ್ಣದ ಮೇಲೆ ಮೂಡಿದವು. ಯಾವ ಬಿರುಕಿಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ?

ಉತ್ತರ: ಬಿರುಕಿನ ಅಗಲ, ಅದು ಸಾಗುವ ದಿಕ್ಕು, ಅದು ಇನ್ನೂ ಬೆಳೆಯುತ್ತಿದೆಯೇ ಎಂಬುದು, ಈ ಮೂರನ್ನೂ ನೋಡದೆ ಹೇಳಲಾಗದು.

ಕೂದಲೆಳೆಯಂತೆ ಜಾಲ ಕಟ್ಟಿದ ಬಿರುಕುಗಳು ಗಾರೆಯ ಮೇಲ್ಪದರ ಬೇಗ ಒಣಗಿ ಕುಗ್ಗಿದ್ದರಿಂದ ಬಂದವು. ಸಿಮೆಂಟು ಹೆಚ್ಚಾದ ಗಾರೆಯಲ್ಲಿ, ಕ್ಯೂರಿಂಗ್ (ಗಟ್ಟಿಯಾಗುವಾಗ ನೀರುಣಿಸುವುದು) ಸಾಲದ ಗಾರೆಯಲ್ಲಿ ಇವು ಹೆಚ್ಚು. ಗಾರೆ ಗೋಡೆಗೆ ಗಟ್ಟಿಯಾಗಿ ಅಂಟಿದ್ದರೆ ಇವುಗಳಿಂದ ಅಪಾಯವಿಲ್ಲ, ಪ್ರೈಮರ್ (ಬಣ್ಣಕ್ಕೆ ಮುನ್ನ ಬಳಿಯುವ ತಳಪದರ) ಮತ್ತು ತೆಳುವಾದ ಪುಟ್ಟಿಯೇ ಸಾಕು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರವಾಗಿ ಮೇಲಿನಿಂದ ಕೆಳಗೆ ಇಳಿಯುವ ಬಿರುಕು ಎರಡು ಬೇರೆ ವಸ್ತುಗಳು ಬಿಸಿಗೆ, ತೇವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಆಗುವಂಥದು. ಸೂರಿನ ಹಲಗೆಯ ಕೆಳಗೆ ಅಡ್ಡಲಾಗಿ ಓಡುವ ಬಿರುಕಿಗೆ ತಾರಸಿ ಬಿಸಿಲಿಗೆ ಹಿಗ್ಗುವುದು ಮುಖ್ಯ ಕಾರಣ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಡುವ ಗೆರೆಗಳೂ ಸಾಮಾನ್ಯ, ಏಕೆಂದರೆ ಗೋಡೆಯ ಭಾರ ಅಲ್ಲೇ ಒಟ್ಟಾಗುತ್ತದೆ. ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲುಮೆಟ್ಟಿಲಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗುವ ಬಿರುಕನ್ನು ಮಾತ್ರ ಹಗುರವಾಗಿ ಕಾಣಬಾರದು. ಅಡಿಪಾಯ ಕುಸಿಯುತ್ತಿರುವ ಸೂಚನೆ ಅದಾಗಿರಬಹುದು.

ಅಗಲದ ಲೆಕ್ಕ ಹೀಗಿದೆ: ಒಂದು ಮಿಲಿಮೀಟರಿನೊಳಗಿನದು ಬಣ್ಣದ ಕೆಲಸದ ಭಾಗವಾಗಿಯೇ ಮುಗಿಯುತ್ತದೆ, 5 ಮಿಲಿಮೀಟರ್ ದಾಟಿದ್ದನ್ನು, ಅಥವಾ ಕಿರಿದಾಗಿದ್ದರೂ ಬೆಳೆಯುತ್ತಿರುವುದನ್ನು, ಕಟ್ಟಡದ ಎಂಜಿನಿಯರಿಗೆ ತೋರಿಸಬೇಕು. ಬೆಳೆಯುತ್ತಿದೆಯೇ ಎಂದು ತಿಳಿಯಲು ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆದಿಡಿ. ನಡುವೆ ಬಿರುಕಿನ ಆಚೆ ಈಚೆ ಎರಡು ಚುಕ್ಕೆಯಿಟ್ಟು ಅವುಗಳ ಅಂತರವನ್ನೂ ಅಳೆದು ಪಕ್ಕದಲ್ಲೇ ಬರೆಯಿರಿ. ಮಳೆಗಾಲವೊಂದು, ಬೇಸಗೆಯೊಂದು ಕಳೆದ ಮೇಲೂ ಗೆರೆ ದಾಟಿಲ್ಲ, ಅಂತರ ಬದಲಾಗಿಲ್ಲ ಎಂದಾದರೆ ಧೈರ್ಯವಾಗಿ ಮುಚ್ಚಬಹುದು. ಮನೆಯವರಿಗೆ ಅಷ್ಟು ಕಾಯುವ ತಾಳ್ಮೆ ಇರುವುದಿಲ್ಲವೆಂಬುದು ಬೇರೆ ಮಾತು.

ನಿಮ್ಮ ಗೆರೆಗಳು ಮರುಕಳಿಸಿದ್ದಕ್ಕೆ ಕಾರಣ ಪುಟ್ಟಿ ಬಿರುಕಿನ ಬಾಯಿಯಲ್ಲೇ ನಿಂತು ಒಳಕ್ಕೆ ಇಳಿಯದಿರುವುದು. ಮೊದಲು ಬಿರುಕನ್ನು ಬಿಡಿಸಬೇಕು: ಕೆರೆಯುವ ಚೂಪು ಉಪಕರಣದಿಂದ ಅದರುದ್ದಕ್ಕೂ ಎಳೆದು, ಸುಮಾರು 5 ಮಿಲಿಮೀಟರ್ ಅಗಲ, ಅಷ್ಟೇ ಆಳದ ಇಂಗ್ಲಿಷಿನ ವಿ ಅಕ್ಷರದಂಥ ಕಾಲುವೆ ಮಾಡಬೇಕು. ಹಾಗೆ ಎಳೆಯುವಾಗ ಅಂಚಿನಲ್ಲಿ ಅಲುಗಾಡುವ ಚೂರುಗಳು ತಾವೇ ಉದುರುತ್ತವೆ. ಉದುರದೆ ಅಲ್ಲಾಡುವುದನ್ನು ಕಿತ್ತುಹಾಕಿ. ಬಳಿಕ ದೂಳನ್ನು ಕುಂಚದಿಂದ ಪೂರ್ತಿ ತೆಗೆದು, ಸಿಮೆಂಟ್ ಆಧಾರಿತ ಭರ್ತಿಯಾದರೆ ಕಾಲುವೆಗೆ ನೀರು ಚಿಮುಕಿಸಿ, ಭರ್ತಿಯನ್ನು ಪುಟ್ಟಿ ಎಳೆಯುವ ಪಟ್ಟಿಯಿಂದ ಬಿರುಕಿಗೆ ಅಡ್ಡಲಾಗಿ ಒತ್ತಿ ಎಳೆಯಬೇಕು. ಉದ್ದಕ್ಕೆ ಎಳೆದರೆ ತುಂಬಿದ್ದೂ ಹೊರಬರುತ್ತದೆ. ಆಳವಿದ್ದಲ್ಲಿ ಒಂದೇ ಸಲ ತುಂಬದೆ, ಒಂದು ಪದರ ಒಣಗಿ ಕುಗ್ಗಿದ ಮೇಲೆ ಇನ್ನೊಂದನ್ನು ಹಾಕಿ. ಅದರ ಮೇಲೆ 50 ಮಿಲಿಮೀಟರ್ ಅಗಲದ ಫೈಬರ್ ಜಾಲರಿ ಟೇಪನ್ನು ಅಂಟಿಸಿ, ತೆಳುವಾಗಿ ಪುಟ್ಟಿ ಎಳೆದು, ಅಂಚುಗಳನ್ನು ಅಗಲಕ್ಕೆ ಹರಡಿದರೆ ಉಬ್ಬು ಕಾಣುವುದಿಲ್ಲ.

ಕಂಬ ಮತ್ತು ಇಟ್ಟಿಗೆಯ ಸಂದಿಗೆ ಇದು ಸಾಲದು. ಅಲ್ಲಿ ಎರಡೂ ಬದಿಗೆ 15 ಸೆಂಟಿಮೀಟರ್ ಗಾರೆ ಕೆತ್ತಿ, ತಂತಿ ಜಾಲರಿಯನ್ನು ಮೊಳೆ ಹೊಡೆದು ಬಿಗಿಯಾಗಿ ನಿಲ್ಲಿಸಿ ಮತ್ತೆ ಗಾರೆ ಮಾಡಿಸಬೇಕು. ಬಾಗಿಲ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿನಂಥ ಸದಾ ಅಲುಗುವ ಜಾಗಕ್ಕೆ ಗಡುಸಾದ ಪುಟ್ಟಿಗಿಂತ ಅಕ್ರಿಲಿಕ್ ಸೀಲಂಟ್ (ಸಂದು ತುಂಬುವ, ಬಾಗುವ ಗುಣದ ಅಂಟು) ಸೂಕ್ತ. ಕೊಳ್ಳುವಾಗ ಟ್ಯೂಬಿನ ಮೇಲೆ ಬಣ್ಣ ಬಳಿಯಬಹುದು ಎಂದು ಬರೆದಿದೆಯೇ ನೋಡಿಕೊಳ್ಳಿ, ಏಕೆಂದರೆ ಸಿಲಿಕೋನ್ ಸೀಲಂಟಿನ ಮೇಲೆ ಬಣ್ಣ ನಿಲ್ಲದು.

ಪ್ರಶ್ನೆ: ಗೋಡೆಯನ್ನು ತಟ್ಟಿದರೆ ಕೆಲವೆಡೆ ಟೊಳ್ಳು ಸದ್ದು ಬರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹಾಗೆಯೇ ಬಣ್ಣ ಬಳಿಯಬಹುದೇ?

ಉತ್ತರ: ಟೊಳ್ಳು ಸದ್ದಿನ ಜಾಗ, ಅಂದರೆ ಗಾರೆ ಇಟ್ಟಿಗೆಯಿಂದ ಬಿಟ್ಟಿರುವ ಕಡೆ, ಅಂಗೈಯಗಲಕ್ಕಿಂತ ಕಿರಿದಾಗಿದ್ದು, ಸುತ್ತ ಬಿರುಕಿಲ್ಲದೆ, ಒತ್ತಿದರೆ ಅಲುಗದಿದ್ದರೆ ಬಿಟ್ಟುಬಿಡಬಹುದು. ಒತ್ತಿದಾಗ ಅಲುಗುವುದನ್ನು, ಅಥವಾ ಅದಕ್ಕಿಂತ ಅಗಲವಾದುದನ್ನು ಬಿಡುವುದು ಸರಿಯಲ್ಲ. ನಾಳೆ ಅಲ್ಲೇ ಮೊಳೆ ಹೊಡೆದರೆ ಹಲಗೆಯಂತೆ ಕಳಚಿ ಬೀಳುತ್ತದೆ. ಬೆರಳ ಗೆಣ್ಣಿನಿಂದ ಇಡೀ ಗೋಡೆಯನ್ನು ತಟ್ಟುತ್ತಾ ಹೋಗಿ, ಸದ್ದು ಬದಲಾಗುವ ಕಡೆ ಸೀಮೆಸುಣ್ಣದಿಂದ ಸುತ್ತುಗೆರೆ ಹಾಕಿ. ಆ ಭಾಗವನ್ನು ಗಟ್ಟಿ ಗಾರೆ ಸಿಗುವವರೆಗೆ ಚೌಕವಾಗಿ ಕತ್ತರಿಸಿ ತೆಗೆದು, ಇಟ್ಟಿಗೆಯನ್ನು ಉಜ್ಜಿ, ನೀರು ಹಾಕಿ ನೆನೆಸಿ, ಹೊಸ ಗಾರೆಯನ್ನು ಒಂದು ಸಲಕ್ಕೆ 12ರಿಂದ 15 ಮಿಲಿಮೀಟರಿಗಿಂತ ದಪ್ಪವಾಗದಂತೆ ಹಾಕಿಸಬೇಕು. ಏಳು ದಿನವಾದರೂ ನೀರುಣಿಸಬೇಕು.

ಇನ್ನು ಹೊಸ ಗಾರೆಯ ಮೇಲೆ ಎಷ್ಟು ದಿನಕ್ಕೆ ಬಣ್ಣ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಕನಿಷ್ಠ 28 ದಿನ ಕಾಯಿರಿ, ಆಮೇಲೂ ಮೇಲೆ ಹೇಳಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ. ಹಸಿ ಸಿಮೆಂಟ್ ಗಾರೆ ಬಹಳ ಕ್ಷಾರೀಯವಾಗಿದ್ದು, ಅದರ ಪಿಎಚ್ ಮಟ್ಟ 12 ದಾಟಿರುತ್ತದೆ. ಎಣ್ಣೆ ಆಧಾರಿತ ಬಣ್ಣದಲ್ಲಿರುವ ಎಣ್ಣೆಯೊಂದಿಗೆ ಆ ಕ್ಷಾರ ತೇವದಲ್ಲಿ ಕೂಡಿ ಸಾಬೂನಾಗುತ್ತದೆ, ಬಣ್ಣ ಅಂಟಂಟಾಗಿ ಕಳಚುತ್ತದೆ. ನೀರು ಆಧಾರಿತ ಬಣ್ಣಗಳಲ್ಲಿಯೂ ಕೆಲವು ವರ್ಣದ್ರವ್ಯಗಳು ಮಾಸುತ್ತವೆ. ಕ್ಷಾರ ತಡೆಯುವ ಪ್ರೈಮರ್ ಹೊಸ ಗಾರೆಗೆ ಅಗತ್ಯವೆನ್ನುವುದು ಇದಕ್ಕಾಗಿ.

ಪ್ರಶ್ನೆ: ಹಳೆಯ ಗೋಡೆಗೆ ಸುಣ್ಣ, ಅದರ ಮೇಲೆ ಡಿಸ್ಟೆಂಪರ್, ಒಂದು ಕೋಣೆಗೆ ಎಣ್ಣೆ ಬಣ್ಣ ಹೀಗೆ ಪದರದ ಮೇಲೆ ಪದರ ಇದೆ. ಎಲ್ಲವನ್ನೂ ಕೆರೆದು ತೆಗೆಯಲೇಬೇಕೇ?

ಉತ್ತರ: ಎಲ್ಲವನ್ನೂ ತೆಗೆಯಬೇಕಾಗಿಲ್ಲ. ಹೊಸ ಬಣ್ಣದ ಭಾರವನ್ನು ಹೊರುವಷ್ಟು ಹಿಡಿತ ಕೆಳಗಿನ ಪದರಕ್ಕಿದೆಯೇ ಎಂಬುದನ್ನು ಪರೀಕ್ಷಿಸಿ ನಿರ್ಧರಿಸಿ. ಎಮಲ್ಷನ್ (ನೀರು ಆಧಾರಿತ ಬಣ್ಣ) ಒಣಗುವಾಗ ತುಸು ಬಿಗಿದುಕೊಳ್ಳುತ್ತದೆ. ಸುಣ್ಣದಂಥ ದುರ್ಬಲ ಪದರದ ಮೇಲೆ ಅದನ್ನು ಬಳಿದರೆ ಆ ಬಿಗಿತಕ್ಕೆ ಸುಣ್ಣವೇ ಗೋಡೆಯಿಂದ ಕಿತ್ತು ಬರುತ್ತದೆ.

ಮೊದಲು ಅಂಗೈಯಿಂದ ಗೋಡೆಯನ್ನು ಒತ್ತಿ ಉಜ್ಜಿ. ಕೈಗೆ ಪುಡಿ ಹತ್ತಿದರೆ ಅದು ಸುಣ್ಣ ಇಲ್ಲವೇ ಹಳೆಯ ಡಿಸ್ಟೆಂಪರ್. ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದಂತೆಲ್ಲ ಕೆರೆದು ತೊಳೆಯಬೇಕು. ಎಷ್ಟು ತೊಳೆದರೂ ಉಳಿಯುವ ತೆಳು ಪುಡಿಯನ್ನು ಗೋಡೆಗೆ ಹಿಡಿದಿಡಲು ಒಳಕ್ಕೆ ಇಂಗುವ ಬಗೆಯ ಪ್ರೈಮರ್ ಬೇಕಾಗುತ್ತದೆ. ಕೈಗೆ ಏನೂ ಹತ್ತದಿದ್ದರೆ ಬ್ಲೇಡಿನಿಂದ ಉದ್ದ ಅಡ್ಡ ಐದಾರು ಗೆರೆ ಕೊರೆದು ಸಣ್ಣ ಚೌಕಗಳನ್ನು ಮಾಡಿ, ಅದರ ಮೇಲೆ ಗಟ್ಟಿಯಾಗಿ ಅಂಟುವ ಟೇಪನ್ನು ಒತ್ತಿ, ಒಂದೇ ಸಲಕ್ಕೆ ಕೀಳಬೇಕು. ಚೌಕಗಳು ಟೇಪಿಗೆ ಅಂಟಿ ಬಂದರೆ ಆ ಪದರವನ್ನು ತೆಗೆಯದೆ ಗತ್ಯಂತರವಿಲ್ಲ. ಒಂದೆರಡು ಅಂಚಿನ ಚೂರು ಮಾತ್ರ ಬಂದರೆ ಗೋಡೆ ಗಟ್ಟಿಯಾಗಿದೆ ಎಂದರ್ಥ. ಇದನ್ನು ಒಂದೇ ಜಾಗದಲ್ಲಿ ಮಾಡಿ ತೃಪ್ತರಾಗಬೇಡಿ. ಕಿಟಕಿಯ ಕೆಳಗೆ ಮತ್ತು ಬಾಗಿಲ ಹಿಂದೆ ಒಂದೇ ಗೋಡೆ ಬೇರೆ ಬೇರೆಯಾಗಿ ವರ್ತಿಸಬಹುದು.

ಎಣ್ಣೆ ಬಣ್ಣದ ಕೋಣೆಯಲ್ಲಿ ತೊಂದರೆ ಬೇರೆ. (ಬಣ್ಣ ದಶಕಗಳ ಹಿಂದಿನದಾದರೆ ಉಜ್ಜುವ ಮುನ್ನ ಕೊನೆಯಲ್ಲಿ ಹೇಳಿರುವ ಸೀಸದ ಎಚ್ಚರಿಕೆಯನ್ನು ಓದಿ.) ಅಲ್ಲಿ ಪದರ ಗಟ್ಟಿಯಾಗಿಯೇ ಇರುತ್ತದೆ, ಆದರೆ ನುಣುಪಾದ ಮೈಯ ಮೇಲೆ ಹೊಸ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಜಿಡ್ಡು ಹೋಗುವಂತೆ ಸೋಪಿನ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಒರಸಿ, ಒಣಗಿದ ಮೇಲೆ 120ರಿಂದ 150 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಪೂರ್ತಿ ಮಾಯವಾಗುವವರೆಗೆ ಉಜ್ಜಿ, ಹಿಡಿತ ಕೊಡುವ ಪ್ರೈಮರ್ ಬಳಿಯಿರಿ. ತೊಳೆಯುವುದು ಮೊದಲು, ಉಜ್ಜುವುದು ನಂತರ; ಅದಲುಬದಲಾದರೆ ಜಿಡ್ಡನ್ನು ನಾವೇ ಗೆರೆಗಳೊಳಗೆ ತುಂಬಿದಂತಾಗುತ್ತದೆ. ಬಣ್ಣ ಎಣ್ಣೆಯದೋ ನೀರಿನದೋ ತಿಳಿಯದಿದ್ದರೆ ಆಲ್ಕೊಹಾಲ್ ಇರುವ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಬಂದರೆ ಅದು ನೀರು ಆಧಾರಿತ.

ಪ್ರಶ್ನೆ: ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ. ಪಕ್ಕದ ಗೋಡೆಯಲ್ಲಿ ಒಣಗಿದ ನೀರಿನ ಹಳದಿ ಕಲೆ, ಮಗು ಮಾರ್ಕರಿನಿಂದ ಬರೆದ ಗೆರೆಗಳಿವೆ. ಎರಡು ಕೋಟ್ ಬಣ್ಣ ಹೊಡೆದರೂ ಇವು ಮೇಲೆ ಕಾಣುತ್ತವೆ.

ಉತ್ತರ: ಬೂಷ್ಟು ಜೀವಿ, ಅದರ ಮೇಲೆ ಬಣ್ಣ ಬಳಿದರೆ ಬಣ್ಣದಡಿಯಲ್ಲೂ ಬೆಳೆಯುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಸೋಪು ಹಾಕಿ ಒರಸಿ, ಬಳಿಕ ಬೂಷ್ಟುನಾಶಕ ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ತೊಳೆದು, ಪೂರ್ತಿ ಒಣಗಿಸಿ. ಬ್ಲೀಚ್ ಬಳಸುವವರು ಅದನ್ನು ಅಮೋನಿಯಾದೊಂದಿಗಾಗಲಿ, ಆಮ್ಲ ಇರುವ ಶುಚಿಕಾರಕದೊಂದಿಗಾಗಲಿ ಎಂದಿಗೂ ಬೆರೆಸಬಾರದು. ಹೊರಬರುವ ಅನಿಲ ಉಸಿರಾಟಕ್ಕೆ ಅಪಾಯಕಾರಿ. ಒಣ ಬೂಷ್ಟನ್ನು ಕೆರೆಯಲೂ ಬಾರದು, ಅದರ ಬೀಜಕಣಗಳು ಕೋಣೆಯಿಡೀ ಹರಡುತ್ತವೆ. ತೇವದ ಕಾರಣ ಉಳಿದರೆ ಬೂಷ್ಟೂ ಮರಳುತ್ತದೆ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ನೀರಿನ ಕಲೆ, ಮಾರ್ಕರ್ ಶಾಯಿ, ಹೊಗೆಯ ಕಲೆಗಳು ನೀರು ಆಧಾರಿತ ಬಣ್ಣದಲ್ಲಿ ಕರಗಿ ಮೇಲಕ್ಕೆ ಇಂಗುತ್ತವೆ. ಆದ್ದರಿಂದ ಎರಡಲ್ಲ, ಐದು ಕೋಟ್ ಹೊಡೆದರೂ ಅವು ಮುಚ್ಚವು. ಆ ಜಾಗಕ್ಕೆ ಮಾತ್ರ ಕಲೆ ತಡೆಯುವ, ದ್ರಾವಕ ಅಥವಾ ಅರಗು ಆಧಾರಿತ ಪ್ರೈಮರ್ ಒಂದು ಕೋಟ್ ಬಳಿದು ಒಣಗಿಸಿ, ಆಮೇಲೆ ಬಣ್ಣ ಬಳಿಯಿರಿ.

ಪ್ರಶ್ನೆ: ಒಬ್ಬ ಪೇಂಟರ್ ಮೊದಲು ಪ್ರೈಮರ್ ಎನ್ನುತ್ತಾರೆ, ಇನ್ನೊಬ್ಬರು ಮೊದಲು ಪುಟ್ಟಿ ಎನ್ನುತ್ತಾರೆ. ಯಾರು ಸರಿ? ಉಜ್ಜುವ ಕೆಲಸ ಎಷ್ಟು ಬೇಕು?

ಉತ್ತರ: ಇಬ್ಬರೂ ಸರಿಯಿರಬಹುದು, ಅವರ ಮನಸ್ಸಿನಲ್ಲಿರುವ ಪುಟ್ಟಿ ಬೇರೆ ಬೇರೆ. ಬಿಳಿ ಸಿಮೆಂಟ್ ಪುಟ್ಟಿ ನೀರಿನೊಂದಿಗೆ ಕೂಡಿ ಗಟ್ಟಿಯಾಗುವಂಥದು; ಅದನ್ನು ಬರಿಯ ಗಾರೆಯ ಮೇಲೆ, ಗೋಡೆಗೆ ನೀರು ಚಿಮುಕಿಸಿ, ನೇರವಾಗಿ ಹಚ್ಚುತ್ತಾರೆ. ಅಕ್ರಿಲಿಕ್ ಪುಟ್ಟಿ ಒಣಗಿ ಗಟ್ಟಿಯಾಗುವಂಥದು. ಅದಕ್ಕೆ ಮೊದಲು ಪ್ರೈಮರ್ ಬೇಕು. ಎರಡರಲ್ಲಿ ಯಾವುದಾದರೂ ಉಜ್ಜಿದ ಪುಟ್ಟಿಯ ಮೇಲೆ ಮತ್ತೊಂದು ಪ್ರೈಮರ್ ಕೋಟ್ ಬೇಕೇ ಬೇಕು. ಪುಟ್ಟಿ ಬಿದ್ದ ಜಾಗ ಮತ್ತು ಬೀಳದ ಜಾಗ ಬೇರೆ ಬೇರೆ ಪ್ರಮಾಣದಲ್ಲಿ ಬಣ್ಣ ಹೀರುವುದರಿಂದ, ಆ ಪ್ರೈಮರ್ ಬಿಟ್ಟರೆ ಒಣಗಿದ ಗೋಡೆಯ ಮೇಲೆ ಮಂಕು ಮತ್ತು ಹೊಳಪಿನ ಮಚ್ಚೆಗಳು ಕಾಣುತ್ತವೆ. ಹಳೆಯ ಬಣ್ಣದ ಮೇಲೆಯೇ ಸಿಮೆಂಟ್ ಪುಟ್ಟಿ ಎಳೆಯುವ ರೂಢಿ ಸರಿಯಲ್ಲ, ಅದಕ್ಕೆ ಅಲ್ಲಿ ಹಿಡಿತವೂ ಇಲ್ಲ, ಇಂಗಲು ಜಾಗವೂ ಇಲ್ಲ.

ಎರಡು ಕೋಟ್ ಸೇರಿ ಪುಟ್ಟಿಯ ದಪ್ಪ ಸುಮಾರು 1.5 ಮಿಲಿಮೀಟರ್ ದಾಟಬಾರದು. ಗೋಡೆ ಅದಕ್ಕಿಂತ ಹೆಚ್ಚು ಏರುತಗ್ಗಾಗಿದ್ದರೆ ಗಾರೆಯಿಂದಲೇ ಮಟ್ಟ ಮಾಡಿಸಬೇಕು. ದಪ್ಪ ಪುಟ್ಟಿ ಮೊದಲ ವರ್ಷ ಅಂದವಾಗಿಯೇ ಕಾಣುತ್ತದೆ, ಹಾಗಾಗಿಯೇ ಅದನ್ನು ಒಪ್ಪಿಕೊಳ್ಳುವವರು ಇಷ್ಟು ಮಂದಿ. ಸಿಮೆಂಟ್ ಪುಟ್ಟಿಯನ್ನು ಎರಡು ಮೂರು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಬಿಗಿದುಕೊಂಡದ್ದಕ್ಕೆ ನೀರು ಹಾಕಿ ಮತ್ತೆ ಸಡಿಲಿಸಿದರೆ ಅದರ ಬಲ ಹೋಗಿರುತ್ತದೆ.

ಉಜ್ಜಲು ಒರಟು ಕಲೆಗಳಿಗೆ 80, ಮಟ್ಟಕ್ಕೆ 120ರಿಂದ 150, ಕೊನೆಗೆ 180ರಿಂದ 220 ನಂಬರಿನ ಸ್ಯಾಂಡ್‌ಪೇಪರ್ ಸಾಕು. ಕಾಗದವನ್ನು ಬರಿಗೈಯಲ್ಲಿ ಹಿಡಿದರೆ ಬೆರಳುಗಳ ಒತ್ತಡಕ್ಕೆ ಅಲೆಗಳು ಮೂಡುತ್ತವೆ, ಚಪ್ಪಟೆ ಮರದ ತುಂಡಿಗೆ ಸುತ್ತಿಕೊಳ್ಳಿ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ತಾಗಿಸಿ, ಬೆಳಕು ಗೋಡೆಯ ಮೈಮೇಲೆ ಓರೆಯಾಗಿ ಹರಿಯುವಂತೆ ಹಿಡಿದರೆ ಹಗಲಿನಲ್ಲಿ ಕಾಣದ ಪಟ್ಟಿಯ ಗೆರೆ, ಮೊಳೆ ತೂತಿನ ಕುಳಿ, ಉಳಿದ ಉಬ್ಬು ಎಲ್ಲಕ್ಕೂ ನೆರಳು ಬೀಳುತ್ತದೆ. ಆ ನೆರಳುಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ ಮರುದಿನ ಸರಿಪಡಿಸಬೇಕು. ಇದನ್ನು ಪ್ರೈಮರ್ ಬಳಿದ ಮೇಲೆ ಇನ್ನೊಮ್ಮೆ ಮಾಡುವುದು ಒಳ್ಳೆಯದು, ಒಂದೇ ಬಿಳಿಯ ಮೇಲೆ ದೋಷಗಳು ಇನ್ನೂ ಚೆನ್ನಾಗಿ ಕಾಣುತ್ತವೆ.

ಪುಟ್ಟಿ ದೂಳು ಬಹಳ ನವಿರಾದುದು, ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯದು, ಎನ್95 ಮಟ್ಟದ ಮಾಸ್ಕ್ ಬೇಕು. ದಶಕಗಳ ಹಿಂದಿನ ಎಣ್ಣೆ ಬಣ್ಣ ಉಳಿದಿರುವ ಮನೆಗಳಲ್ಲಿ ಇನ್ನೂ ಎಚ್ಚರಿಕೆ ಅಗತ್ಯ, ಏಕೆಂದರೆ ಆ ಕಾಲದ ಬಣ್ಣಗಳಲ್ಲಿ, ಅದರಲ್ಲೂ ಬಿಳಿ, ಹಳದಿ, ಕಿತ್ತಳೆ ಛಾಯೆಗಳಲ್ಲಿ ಸೀಸ ಇರುತ್ತಿತ್ತು. ಸೀಸದ ದೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಅಂಥ ಪದರವನ್ನು ಒಣದಾಗಿ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ಪ್ರಯೋಗಾಲಯದಲ್ಲಿ ಒಂದು ಚೂರನ್ನು ಪರೀಕ್ಷಿಸಿಕೊಂಡು, ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಮನೆಯಿಂದ ದೂರವಿರಿಸಿ, ನೀರು ಸಿಂಪಡಿಸುತ್ತಾ ಒದ್ದೆಯಾಗಿ ಕೆರೆಯಿರಿ. ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆದು, ಆ ಬಟ್ಟೆಯನ್ನೂ ಚೂರುಗಳನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರತ್ಯೇಕವಾಗಿ ಇಡಬೇಕು.